ಚೂಡಾಮಣಿಯ ತಾಯಿ ಯಾಕೆ ಮಾತಾಡಲಿಲ್ಲ

ಕನ್ನಡದ ಮನೆಯಲ್ಲಿ ಹುಟ್ಟಿ, ಕನ್ನಡದಲ್ಲೇ ಜಗಳವಾಡಿ, ಕನ್ನಡದಲ್ಲೇ ಕನವರಿಸುವ ಹುಡುಗಿ ಕನ್ನಡದಲ್ಲಿ ಫೇಲಾಗುವುದು ಹೇಗೆ ಎಂದು ನನ್ನನ್ನು ಕೇಳಬೇಡಿ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಕನ್ನಡ ಹೇಳಿಕೊಟ್ಟು ನಿವೃತ್ತಳಾದ ನನಗೇ ಅದು ಅರ್ಥವಾಗಿಲ್ಲ. ತೊಂಬತ್ತಾರನೇ ಇಸವಿಯ ನವೆಂಬರಿನಲ್ಲಿ ಮಲ್ಲೇಶ್ವರದಿಂದ ರಾಘವ ಎನ್ನುವವರು ಫೋನ್ ಮಾಡಿದರು. ಬ್ಯಾಂಕಿನಲ್ಲಿ ಕೆಲಸವಂತೆ.

"ಗಿರಿಜಾಂಬಾ ಮೇಡಂ ಅವರಾ? ನಮ್ಮ ಮಧುರಾ ಸೆಕೆಂಡ್ ಪಿಯುಸಿ. ಫಿಸಿಕ್ಸ್, ಬಯಾಲಜಿ ಎಲ್ಲಾದ್ರಲ್ಲೂ ತೊಂಬತ್ತರ ಮೇಲೆ. ಕನ್ನಡದಲ್ಲಿ ಮಾತ್ರ ಇಪ್ಪತ್ತೆಂಟು. ನೀವು ಮನೆಗೆ ಬಂದು ಹೇಳ್ಕೊಟ್ರೆ ದೊಡ್ಡ ಉಪಕಾರ."

ಸಂಸ್ಕೃತ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದೆ. ಆ ಕಾಲದಲ್ಲಿ ಮಾರ್ಕ್ಸು ಬೇಕಾದವರೆಲ್ಲ ಸಂಸ್ಕೃತಕ್ಕೆ ಹೋಗುತ್ತಿದ್ದರು. ಸಂಸ್ಕೃತದ ಪೇಪರಿಗೆ ಉತ್ತರವನ್ನು ಇಂಗ್ಲಿಷಿನಲ್ಲೇ ಬರೆದು ತೊಂಬತ್ತೈದು ಹೊಡೆದುಕೊಂಡು ಬರಬಹುದಿತ್ತು. ನನ್ನ ಕ್ಲಾಸಿನ ಬೆಂಚುಗಳು ವರ್ಷ ವರ್ಷ ಖಾಲಿಯಾಗಿದ್ದು ಹಾಗೇ.

"ಅವಳೇ ಕನ್ನಡ ಬೇಕು ಅಂದ್ಲು ಮೇಡಂ," ಎಂದರು ರಾಘವ, ಮಗಳು ಸಿಗರೇಟು ಸೇದುತ್ತಾಳೆ ಎಂದು ಒಪ್ಪಿಕೊಳ್ಳುವ ದನಿಯಲ್ಲಿ.

ನಮ್ಮ ಮನೆ ಚಾಮರಾಜಪೇಟೆ. ಅಲ್ಲಿಂದ ಮಲ್ಲೇಶ್ವರಕ್ಕೆ ಹೋಗಬೇಕಾದರೆ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಬೇಕು, ಮೊಣಕೈಯಲ್ಲಿ ತಿವಿಸಿಕೊಳ್ಳಬೇಕು. ನಮ್ಮ ಯಜಮಾನರು ವೃಷಭೇಂದ್ರಪ್ಪನವರಿಗೆ ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ. "ಈ ವಯಸ್ಸಲ್ಲಿ ಬಸ್ಸಲ್ಲಿ ಯಾಕೆ ಸಾಯ್ತೀಯ, ಬಂದು ಅಂಗಡೀಲಿ ಕೂತ್ಕೋ," ಎಂದರು. ಅಂಗಡಿಯಲ್ಲಿ ಕೂತು ಬಾರ್ಡರ್ ಬಣ್ಣದ ಬಗ್ಗೆ ಹೆಂಗಸರ ಜೊತೆ ತಲೆ ಚಚ್ಚಿಕೊಳ್ಳುವುದಕ್ಕಿಂತ ಪಾಠವೇ ವಾಸಿ ಎಂದುಕೊಂಡು ರಾಘವರಿಗೆ ಒಪ್ಪಿಗೆ ಕೊಟ್ಟೆ. ವಾಸಿಯಾಗಿರಲಿಲ್ಲ ಎಂದು ಮೊದಲ ದಿನವೇ ಗೊತ್ತಾಯಿತು.

ಆ ವರ್ಷ ಪಠ್ಯವಾಗಿದ್ದದ್ದು 'ಉದ್ದಲಂಗ' ಎಂಬ ಕಾದಂಬರಿ. ಚೂಡಾಮಣಿ ಎಂಬ ಹುಡುಗಿ ಲಂಗ ತೊಟ್ಟು ಓಡಾಡುವ ವಯಸ್ಸಿನಲ್ಲಿ ಶುರುವಾಗಿ ಅವಳು ಸೀರೆ ಉಡುವವರೆಗೆ ನಡೆಯುವ ಕಥೆ. ಸ್ವಾತಂತ್ರ್ಯಕ್ಕೆ ಮುಂಚಿನ ಕಾಲ, ತುಮಕೂರು ಕಡೆಯ ಒಂದು ಸಣ್ಣ ಪೇಟೆ. ಹುಡುಗಿ ಓದುತ್ತಾಳೆ, ಒಬ್ಬ ಗೆಳತಿಯನ್ನು ಕಳೆದುಕೊಳ್ಳುತ್ತಾಳೆ, ಅಜ್ಜನ ಜೊತೆ ವಾದಕ್ಕೆ ಬಿದ್ದು ಮೈಸೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೇರಲು ಅನುಮತಿ ಗೆಲ್ಲುತ್ತಾಳೆ. ಅವಳು ಹೊರಡುವ ಮುಂಚಿನ ಒಂದು ತಿಂಗಳು ಅವಳ ತಾಯಿ ಅವಳ ಜೊತೆ ಒಂದೇ ಒಂದು ಮಾತು ಆಡುವುದಿಲ್ಲ. ಯಾಕೆ ಅಂತ ಕಾದಂಬರಿಯಲ್ಲಿ ಹೇಳಿಲ್ಲ. ಬರೆದ ಪುಣ್ಯಾತ್ಮರು ಆ ತಾಯಿಗೆ ಒಂದು ಹೆಸರು ಕೂಡ ಇಟ್ಟಿಲ್ಲ. ಪಠ್ಯಕ್ಕೆಂದು ಸಂಕ್ಷೇಪ ಮಾಡಿದ ಪುಸ್ತಕದಲ್ಲಂತೂ ಆ ಮೌನಕ್ಕೆ ಸಿಕ್ಕಿದ್ದು ಎರಡೇ ಪುಟ. ಆದರೆ ಪರೀಕ್ಷೆಯಲ್ಲಿ ಆರು ಅಂಕದ ಪ್ರಶ್ನೆ ಬರುವುದು ಮಾತ್ರ ಅದರ ಮೇಲೇ: ಚೂಡಾಮಣಿಗೂ ಅವಳ ತಾಯಿಗೂ ಇದ್ದ ಸಂಬಂಧವನ್ನು ವಿವರಿಸಿ, ತಾಯಿಯ ಮೌನಕ್ಕೆ ಕಾರಣ ತಿಳಿಸಿ.

ಗೈಡಿನಲ್ಲಿ ಉತ್ತರ ಸಿದ್ಧವಾಗಿತ್ತು. "ಮಗಳನ್ನು ಅಗಲುವ ದುಃಖವನ್ನು ಸಹಿಸಲಾರದೆ ಆ ತ್ಯಾಗಮಯಿ ಮೌನಕ್ಕೆ ಶರಣಾಗುತ್ತಾಳೆ." ಇದನ್ನೇ ಹಿಂದೆ ಮುಂದೆ ಎಳೆದು, ಮಧ್ಯೆ ಎರಡು ಸಲ 'ಮಾತೃಹೃದಯ' ಸೇರಿಸಿ, ಒಂದು ಪುಟ ತುಂಬಿಸಿದರೆ ಆರಕ್ಕೆ ಐದು ಗ್ಯಾರಂಟಿ. ಕರ್ನಾಟಕದ ಅಷ್ಟೂ ಮಕ್ಕಳು ಅದನ್ನೇ ಬರೆಯುತ್ತಿದ್ದರು. ಮಧುರಾ ಬರೆದದ್ದು ಒಂದೇ ಸಾಲು: "ತಾಯಿಗೆ ಹೊಟ್ಟೆಕಿಚ್ಚು, ತನಗೆ ಸಿಗದೇ ಹೋದದ್ದು ಮಗಳಿಗೆ ಸಿಕ್ಕಿತಲ್ಲ ಅಂತ."

ಮೊದಲ ದಿನ ಆ ಉತ್ತರಪತ್ರಿಕೆ ನೋಡಿ ನಾನು ತಲೆ ಮೇಲೆ ಕೈ ಹೊತ್ತುಕೊಂಡೆ. "ಅಲ್ಲಮ್ಮಾ, ಆರು ಅಂಕಕ್ಕೆ ಒಂದು ಸಾಲೇ?"

"ಅಷ್ಟೇ ಮೇಡಂ ಇರೋದು," ಎಂದಳು. ಉದ್ದ ಮುಖ, ಎಣ್ಣೆ ಹಚ್ಚಿ ಬಿಗಿದ ಜಡೆ, ಯಾರು ಏನೇ ಹೇಳಿದರೂ ಸರಿ ಎನ್ನದ ಕಣ್ಣು.

ಅಡುಗೆಮನೆಯ ಹೊಸ್ತಿಲಿನಿಂದ ಅವಳ ತಾಯಿ ಕೋಕಿಲಾ ಮಾತಾಡಿದರು. "ಮೇಡಂ, ಹೆತ್ತ ತಾಯಿಗೆ ಹೊಟ್ಟೆಕಿಚ್ಚು ಅಂತ ಯಾರಾದ್ರೂ ಬರೀತಾರಾ ಅಂತ ಕೇಳಿ ಅವಳನ್ನ."

"ಮೇಡಂ, ತಾಯಿ ಅಂದ ತಕ್ಷಣ ದೇವರಾಗಿಬಿಡಲ್ಲ ಅಂತ ಹೇಳಿ," ಎಂದಳು ಮಗಳು.

"ದೇವರಂತೆ ನೋಡ್ಕೋ ಅಂತ ಯಾರೂ ಕೇಳಿಲ್ಲ ಅಂತ ಹೇಳಿ ಮೇಡಂ."

ಇಬ್ಬರ ನಡುವೆ ಒಂದು ಮಣೆ ಹಾಕುವಷ್ಟು ಜಾಗವಿತ್ತು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು, ನಾನೇನು ಟೆಲಿಫೋನ್ ಎಕ್ಸ್‌ಚೇಂಜೇ? ಅವತ್ತು ಪಾಠ ಅರ್ಧ ಗಂಟೆ, ರಾಯಭಾರ ಒಂದು ಗಂಟೆ ನಡೆಯಿತು.

ಸಂಪಿಗೆ ರಸ್ತೆಯ ಬಸ್ ಸ್ಟಾಪಿನವರೆಗೆ ಬಿಡಲು ರಾಘವರೇ ಬಂದರು. ದಾರಿಯಲ್ಲಿ ವಿಷಯ ಬಿಚ್ಚಿದರು. ಮಧುರಾಗೆ ಚಿಕ್ಕಂದಿನಿಂದ ಸ್ಯಾಂಕಿ ಕೆರೆಯ ದಡದಲ್ಲಿ ಕೂತು ಮೀನು ನೋಡುವ ಹುಚ್ಚು. ಎಂಜಿನಿಯರಿಂಗ್ ಬೇಡ, ಮೆಡಿಕಲ್ ಬೇಡ, ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಸೇರುತ್ತೇನೆ, ಹಾಸ್ಟೆಲಿನಲ್ಲಿ ಇರುತ್ತೇನೆ ಎಂದು ಜೂನ್ ತಿಂಗಳಲ್ಲಿ ಹೇಳಿದ್ದಳಂತೆ. ಅವತ್ತಿನಿಂದ ತಾಯಿ ಮಗಳು ನೇರವಾಗಿ ಮಾತಾಡಿಲ್ಲ.

"ಓದೋದಷ್ಟೇ ಮೇಡಂ, ತಿನ್ನೋದಲ್ಲ," ಎಂದರು ರಾಘವ. 'ಮೀನು' ಎನ್ನುವಾಗ ಆಚೀಚೆ ನೋಡಿ ದನಿ ತಗ್ಗಿಸುತ್ತಿದ್ದರು. "ಆದ್ರೂ ನಮ್ಮ ಮನೆತನದಲ್ಲಿ, ನಿಮಗೆ ಗೊತ್ತಲ್ಲ, ಏಕಾದಶಿ, ಮಡಿ. ಕೋಕಿಲಾಗೆ ಅದೇ ಸಂಕಟ ಅನ್ಸುತ್ತೆ. ಅವಳು ಹೂಂ ಅಂದ್ರೆ ನಾನು ಅಪ್ಲಿಕೇಶನ್‌ಗೆ ಸಹಿ ಹಾಕ್ತೀನಿ."

"ಅವರು ಹೂಂ ಅನ್ನದೇ ಇದ್ರೆ?"

"ಹೇಗೆ ಹಾಕಲಿ ಮೇಡಂ," ಎಂದರು. ಎಂಥಾ ಗಂಡಸೋ.

ಅಂದರೆ ಆ ಹುಡುಗಿಗೆ ಬೇಕಾದದ್ದು ಎರಡು. ಕನ್ನಡದಲ್ಲಿ ಪಾಸಾಗಬೇಕು, ಅಮ್ಮ ಹೂಂ ಅನ್ನಬೇಕು. ಮೊದಲನೆಯದು ನನ್ನ ಕೆಲಸ. ಎರಡನೆಯದು ನನಗೆ ಸಂಬಂಧಪಟ್ಟದ್ದಲ್ಲ ಎಂದು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ನನಗೆ ನಾನೇ ಹೇಳಿಕೊಂಡೆ.

ಡಿಸೆಂಬರ್ ಪೂರ್ತಿ ಕಾದಂಬರಿಯ ವಸ್ತು, ಪಾತ್ರಗಳು, ಸಂಬಂಧಗಳು ಎಂದು ಒಂದೊಂದೇ ಬಿಡಿಸಿ ಹೇಳಿದೆ. ಅಜ್ಜ ಮತ್ತು ಮೊಮ್ಮಗಳು: ಅಧಿಕಾರ ಮತ್ತು ಅಕ್ಕರೆ ಒಟ್ಟಿಗೆ ಇರುವ ಸಂಬಂಧ. ಗೆಳತಿಯ ಸಾವು: ಮುಗ್ಧತೆ ಕಳೆದುಹೋಗುವ ಘಟ್ಟ. ಇದೆಲ್ಲ ಮಧುರಾಗೆ ತಟ್ಟನೆ ಹತ್ತುತ್ತಿತ್ತು, ನಾನೇ ಯೋಚಿಸದ ಮಾತುಗಳನ್ನೂ ಹೇಳುತ್ತಿದ್ದಳು. ಗೆಳತಿ ಸತ್ತ ಮೇಲೆ ಚೂಡಾಮಣಿ ಅಳದೆ ಅವಳ ಲೆಕ್ಕದ ಪುಸ್ತಕ ತಂದು ಓದುತ್ತಾಳಲ್ಲ, ಅದೇ ಅಳು ಮೇಡಂ ಎಂದಳು ಒಂದು ದಿನ. ನನಗೆ ಮನಸ್ಸು ತುಂಬಿ ಬಂತು. ಆದರೆ ತಾಯಿಯ ವಿಷಯಕ್ಕೆ ಬಂದ ತಕ್ಷಣ ಎತ್ತು ನಿಂತಲ್ಲೇ ನಿಂತುಬಿಡುತ್ತಿತ್ತು.

"ತಾಯಿಗೆ ಏನು ಸಿಗದೇ ಹೋಯ್ತು ಅಂತ ಪುಸ್ತಕದಲ್ಲಿ ಎಲ್ಲೂ ಇಲ್ವಲ್ಲೇ," ಎಂದೆ ನಾನು. "ಇಲ್ಲದೇ ಇರೋದನ್ನ ಹೇಗೆ ಬರೀತೀಯ?"

ಆಗ ಹೊಸ್ತಿಲಿನಿಂದ ಕೋಕಿಲಾ, "ಇದೆ ಮೇಡಂ," ಎಂದರು.

ಇಬ್ಬರೂ ತಿರುಗಿ ನೋಡಿದೆವು.

"ನಿಮ್ಮ ಪುಸ್ತಕದಲ್ಲಿ ಕತ್ತರಿಸಿ ಹಾಕಿದಾರೆ. ಅದು ವಾರಪತ್ರಿಕೇಲಿ ಧಾರಾವಾಹಿಯಾಗಿ ಬರ್ತಿದ್ದಾಗ ನಾನು ಕಾಲೇಜಲ್ಲಿದ್ದೆ. ವಾರ ವಾರ ಓದಿದೀನಿ. ಚೂಡಾಮಣಿಯ ತಾಯಿಗೆ ಅಂತಲೇ ಒಂದು ಅಧ್ಯಾಯ ಇತ್ತು."

ನನಗೆ ಅಂಥದ್ದೊಂದು ನೆನಪಿರಲಿಲ್ಲ. ಹಾಗೆಂದೆ. "ನೀವು ಮರೆತಿರಬೇಕು," ಎಂದರು ಕೋಕಿಲಾ, ಗದ್ದ ಎತ್ತಿ. ಮೂವತ್ತು ವರ್ಷದ ಲೆಕ್ಚರರಿಗೆ ಹೇಳುವ ಮಾತೇ ಇದು?

ಆದರೂ ಕೇಳಿದೆವು. ಅಂದಿನಿಂದ ಪ್ರತಿ ಪಾಠದ ಕೊನೆಗೆ ಕೋಕಿಲಾ ಹುರುಳಿಕಾಯಿ ಸೋಸುತ್ತಲೋ ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೋ ಆ ಅಧ್ಯಾಯದ ಒಂದೊಂದು ಚೂರು ಹೇಳುತ್ತಿದ್ದರು. ಆ ತಾಯಿಯೂ ಹುಡುಗಿಯಾಗಿದ್ದಾಗ ಲೆಕ್ಕದಲ್ಲಿ ಬಹಳ ಚುರುಕಂತೆ. ಧಾರವಾಡದಲ್ಲಿ ಓದಲು ಸೀಟು ಸಿಕ್ಕಿತಂತೆ. ಟ್ರಂಕು ಹಿಡಿದು ರೈಲು ಹತ್ತಿ ಹೋದಳಂತೆ. ಹಾಸ್ಟೆಲಿನ ಮೆಸ್ಸಿನಲ್ಲಿ ಜೋಳದ ರೊಟ್ಟಿ, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ರೂಮಿನಲ್ಲಿ ಬೇರೆ ಊರಿನ ಇಬ್ಬರು ಹುಡುಗಿಯರು, ಅವರವರಲ್ಲೇ ನಗು. ಸಿದ್ದಮ್ಮ ಎಂಬ ವಾರ್ಡನ್ನು ಲೈಟು ಆರಿಸಿ ಹೋಗುತ್ತಿದ್ದಳು. ಕ್ಲಾಸಿನಲ್ಲಿ ಕೈಯಲ್ಲಿ ಹಿಡಿ ತಿರುಗಿಸಿದರೆ ದೊಡ್ಡ ದೊಡ್ಡ ಗುಣಾಕಾರ ಮಾಡುವ ಒಂದು ಮಿಷನ್ನು ಇತ್ತಂತೆ. ಅದನ್ನು ಮುಟ್ಟುವುದೆಂದರೆ ಅವಳಿಗೆ ಪ್ರಾಣವಂತೆ.

ಚೂಡಾಮಣಿಯ ತಾಯಿ ಹುಡುಗಿಯಾಗಿದ್ದ ಕಾಲದಲ್ಲಿ ಧಾರವಾಡದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೇ, ಲೈಟೇ, ಲೆಕ್ಕದ ಮಿಷನ್ನೇ? ಕಾದಂಬರಿಕಾರರಿಗೆ ಕಾಲದ ಪರಿವೆಯೇ ಇರಲಿಲ್ಲವೇ ಎಂದು ನಾನು ಅವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ನನಗೆ ಹೊಳೆದದ್ದು ಅಷ್ಟೇ, ನನ್ನ ಬುದ್ಧಿಗಿಷ್ಟು. ಸಿಲೆಬಸ್ಸಿನಲ್ಲಿ ಇಲ್ಲದ ಅಧ್ಯಾಯಕ್ಕೆ ಸಮಯ ಹೋಗುತ್ತಿದೆಯಲ್ಲ ಎಂಬ ಕಿರಿಕಿರಿ ಬೇರೆ. ಆದರೆ ಹುಡುಗಿ ಪೆನ್ನು ಕೆಳಗಿಟ್ಟು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದಳು.

ಜನವರಿಯ ಒಂದು ಸಂಜೆ ಕೋಕಿಲಾ ಹೇಳಿದರು, "ಒಂದಿನ ಅವಳು ಊಟಕ್ಕೆ ಹೋಗದೆ ರೂಮಲ್ಲೇ ಕೂತ್ಬಿಟ್ಲು. ಟ್ರಂಕು ಎದುರಿಗಿತ್ತು." ಅಷ್ಟಕ್ಕೆ ನಿಲ್ಲಿಸಿದರು.

"ಆಮೇಲೆ?" ಎಂದಳು ಮಧುರಾ. ನನ್ನ ಮೂಲಕವಲ್ಲ, ತಾಯಿಯ ಮುಖ ನೋಡಿಯೇ ಕೇಳಿದಳು.

ಕೋಕಿಲಾ ಮೊರ ಎತ್ತಿಕೊಂಡು ಎದ್ದರು. "ಆಮೇಲೇನು. ನಂಗೆ ನೆನಪಿಲ್ಲ." ಆ ಅಧ್ಯಾಯದ ಮಾತು ಮತ್ತೆ ಎತ್ತಲಿಲ್ಲ.

ಫೆಬ್ರವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ ಮುಗಿಯಿತು. ಒಂದು ಶುಕ್ರವಾರ ರಾಘವರ ಫೋನು. ಮೂವತ್ತಮೂರು ಬಂದಿದೆ, ಪಾಸಾಗಲು ಎರಡು ಕಮ್ಮಿ. ಆರು ಅಂಕದ ಆ ಪ್ರಶ್ನೆಗೆ ಹುಡುಗಿ ಎರಡು ಪುಟ ಬರೆದಿದ್ದಾಳೆ: ಧಾರವಾಡ, ಹಾಸ್ಟೆಲು, ಸಿದ್ದಮ್ಮ, ಲೆಕ್ಕದ ಮಿಷನ್ನು, ಎಲ್ಲ. ಅದಕ್ಕೆ ಸೊನ್ನೆ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ, "ಇದು ಯಾವ ಕಾದಂಬರಿ?"

ನನ್ನ ಕೋಪ ಮೊದಲು ತಿರುಗಿದ್ದು ಪೇಪರು ತಿದ್ದಿದವರ ಕಡೆಗೆ. ಮೂಲ ಕಾದಂಬರಿ ಓದದವರೆಲ್ಲ ಪಾಠ ಹೇಳಲು ಬರುತ್ತಾರೆ. ನಾನೇ ಕಾಲೇಜಿಗೆ ಹೋಗಿ ಮೂಲವನ್ನು ಅವರ ಮೇಜಿನ ಮೇಲೆ ಇಡುತ್ತೇನೆ ಎಂದು ಹೊರಟೆ. ಇಡಬೇಕಾದರೆ ಮೂಲ ಬೇಕಲ್ಲ. ನಮ್ಮ ಬೀದಿಯ ಕೊನೆ ಮನೆಯ ರಂಗನಾಯಕಮ್ಮನವರ ನೆನಪಾಯಿತು. ನಮ್ಮ ಕಡೆ ಆಗ ಅದೊಂದು ಅಭ್ಯಾಸ. ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ವಾರ ವಾರ ಕತ್ತರಿಸಿ ಜೋಪಾನ ಮಾಡಿ, ಕಥೆ ಮುಗಿದ ಮೇಲೆ ಬೈಂಡ್ ಮಾಡಿಸಿ ಇಟ್ಟುಕೊಳ್ಳುವುದು. ರಂಗನಾಯಕಮ್ಮನವರ ಬೀರುವಿನಲ್ಲಿ ಸೀರೆಗಿಂತ ಇಂಥ ಬೈಂಡುಗಳೇ ಜಾಸ್ತಿ. 'ಉದ್ದಲಂಗ' ಇತ್ತು, ಒಂದು ವಾರದ ಕಂತೂ ತಪ್ಪದ ಹಾಗೆ. ಇಡೀ ಶನಿವಾರ ಕನ್ನಡಕ ಒರೆಸಿಕೊಂಡು ಒರೆಸಿಕೊಂಡು ಮೊದಲಿಂದ ಕಡೆಯವರೆಗೆ ಓದಿದೆ.

ಧಾರವಾಡವೂ ಇರಲಿಲ್ಲ, ದಾರವೂ ಇರಲಿಲ್ಲ. ತಾಯಿ ಅಲ್ಲಿಯೂ ಬರೀ 'ಅಮ್ಮ', ಅಲ್ಲಿಯೂ ಸುಮ್ಮನಿದ್ದಳು.

ಈಗ ನನ್ನ ಕೋಪಕ್ಕೆ ಸರಿಯಾದ ವಿಳಾಸ ಸಿಕ್ಕಿತು. ಭಾನುವಾರ ಬೆಳಿಗ್ಗೆ ಮಲ್ಲೇಶ್ವರಕ್ಕೆ ಹೋದೆ. ನನ್ನ ಮುಖ ನೋಡಿದ್ದೇ ರಾಘವ ಪೇಪರು ಮಡಿಸಿ, "ಹೂ ತರ್ತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡರು. ಕೋಕಿಲಾ ನಡುಮನೆಯಲ್ಲಿ ನೆನೆಸಿದ ಅವರೆಕಾಳು ಮುಂದಿಟ್ಟುಕೊಂಡು ಒಂದೊಂದನ್ನೇ ಹಿದುಕಿ ಸಿಪ್ಪೆ ಬಿಡಿಸುತ್ತಿದ್ದರು. ಗೋಡೆಗೆ ಒರಗಿ ಮಧುರಾ ಕೂತಿದ್ದಳು, ಉತ್ತರಪತ್ರಿಕೆ ಮಡಿಲಲ್ಲಿ.

"ಕೋಕಿಲಾ, ಧಾರಾವಾಹಿ ಪೂರ್ತಿ ಓದಿದೆ," ಎಂದೆ ನಿಂತೇ. "ನೀವು ಹೇಳಿದ ಅಧ್ಯಾಯ ಅದರಲ್ಲಿ ಇಲ್ಲ. ಒಂದು ಸಾಲೂ ಇಲ್ಲ. ಅದನ್ನ ನಂಬಿ ನಿಮ್ಮ ಮಗಳು ಬರೆದು ಫೇಲಾದ್ಲು. ಏಪ್ರಿಲ್ ಪರೀಕ್ಷೇಲೂ ಫೇಲಾದ್ರೆ ಮಂಗಳೂರಿನ ಮಾತೇ ಇಲ್ಲ. ನಿಮಗೆ ಬೇಕಾಗಿದ್ದೂ ಅದೇ ಏನು?"

"ಯಾವುದೋ ವಾರದ್ದು ಬಿಟ್ಟುಹೋಗಿರಬೇಕು," ಎಂದರು ಕೋಕಿಲಾ, ತಲೆ ಎತ್ತದೆ.

"ಯಾವ ವಾರದ್ದೂ ಬಿಟ್ಟುಹೋಗಿಲ್ಲ."

ಮಧುರಾ ಬಾಯಿ ಬಿಟ್ಟಳು. "ಅದು ಪುಸ್ತಕದಲ್ಲಿ ಇಲ್ಲ ಅಂತ ನಂಗೆ ಗೊತ್ತಿತ್ತು ಮೇಡಂ."

ನನಗೆ ಮೈಯೆಲ್ಲ ಉರಿದುಹೋಯಿತು. "ಗೊತ್ತಿದ್ದೂ ಬರೆದೆಯಾ?"

"ಧಾರವಾಡ ಅಂದ ತಕ್ಷಣ ಗೊತ್ತಾಯ್ತು. ಅಮ್ಮ ಅಲ್ಲಿ ಓದೋಕೆ ಹೋಗಿದ್ರಂತೆ, ತಾತ ಹೋಗಿ ವಾಪಸ್ ಕರ್ಕೊಂಡು ಬಂದ್ರಂತೆ. ಮನೇಲಿ ಎಲ್ರೂ ಹೇಳ್ತಾರೆ, ಅಮ್ಮ ಮಾತ್ರ ಒಂದಿನಾನೂ ಹೇಳಿಲ್ಲ. ಈಗ ಹೇಳ್ತಿದ್ರು, ಅದಕ್ಕೆ ಸುಮ್ನೆ ಕೇಳ್ದೆ." ಮಡಿಲಲ್ಲಿದ್ದ ಉತ್ತರಪತ್ರಿಕೆ ಬಿಡಿಸಿದಳು. "ಪ್ರಶ್ನೆ ತಾಯಿ ಯಾಕೆ ಮಾತಾಡಲ್ಲ ಅಂತ ಇತ್ತು. ಪುಸ್ತಕದಲ್ಲಿ ಉತ್ತರ ಇಲ್ಲ, ಗೈಡಲ್ಲಿರೋದು ಸುಳ್ಳು. ನಂಗೆ ಗೊತ್ತಿದ್ದ ತಾಯಿ ಒಬ್ರೇ ಮೇಡಂ. ಅವರದ್ದನ್ನೇ ಬರೆದೆ."

ಏನು ಹೇಳಬೇಕು ಇಂಥ ಹುಡುಗಿಗೆ? ಕಪಾಳಕ್ಕೆ ಎರಡು ಬಿಗಿಯಬೇಕು ಎನ್ನಿಸಿತು, ತಬ್ಬಿಕೊಳ್ಳಬೇಕು ಎಂದೂ ಎನ್ನಿಸಿತು. ಎರಡನ್ನೂ ಮಾಡದೆ ಕುರ್ಚಿ ಎಳೆದುಕೊಂಡು ಕೂತೆ.

"ಕೊನೆ ಏನಂತ ಬರೆದೆ?" ಎಂದು ಕೇಳಿದ್ದು ಕೋಕಿಲಾ. ನೇರವಾಗಿ ಮಗಳನ್ನೇ ಕೇಳಿದರು.

"ನೀನು ಕೊನೆ ಹೇಳಿರ್ಲಿಲ್ವಲ್ಲ. ಅವಳ ತಂದೆ ಬಂದು ಬಲವಂತವಾಗಿ ಎಳ್ಕೊಂಡು ಹೋದ್ರು, ಅದಕ್ಕೇ ಮಗಳು ಹೋಗ್ತಾಳೆ ಅಂದಾಗ ಹೊಟ್ಟೆ ಉರೀತು, ಅದಕ್ಕೇ ಮಾತಾಡ್ಲಿಲ್ಲ ಅಂತ ಬರೆದೆ."

"ತಪ್ಪು," ಎಂದರು ಕೋಕಿಲಾ.

ಕೈಯಲ್ಲಿದ್ದ ಕಾಳನ್ನು ಬೋಗುಣಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡರು. "ಯಾರೂ ಎಳ್ಕೊಂಡು ಬರಲಿಲ್ಲ. ಅವಳೇ ಬಂದ್ಲು. ಟ್ರಂಕ್ ತಗೊಂಡು ಸ್ಟೇಷನ್ನಿಗೆ ಹೋಗಿ ಟಿಕೆಟ್ ತಗೊಂಡು ಬಂದ್ಬಿಟ್ಟೆ. ಒಂದು ತಿಂಗಳೂ ಆಗಿರ್ಲಿಲ್ಲ. ರೊಟ್ಟಿ ಸೇರಲ್ಲ ಅಂತ ಬಂದೆ ಮಧು. ಆ ಹುಡುಗೀರು ನನ್ನ ನೋಡಿ ನಗ್ತಾರೆ ಅಂತ ಬಂದೆ. ನನ್ನ ಯಾರೂ ತಡೀಲಿಲ್ಲ, ಯಾರೂ ಓಡಿಸ್ಲಿಲ್ಲ."

"ಮತ್ತೆ ತಾತ..."

"ಅಪ್ಪ ಬಾಗಿಲು ತೆಗೆದ್ರು. ಒಂದು ಮಾತು ಕೇಳ್ಲಿಲ್ಲ. ಟ್ರಂಕ್ ಒಳಗಿಟ್ರು. ಅಮ್ಮ ಶ್ಯಾವಿಗೆ ಪಾಯಸ ಮಾಡಿದ್ಲು. ಎಲ್ಲಾರ್ಗೂ ಎಷ್ಟು ಖುಷಿ ಅಂತೀಯ. ಆಮೇಲೆ ಅಕ್ಕಪಕ್ಕದವರು ಕೇಳಿದಾಗ, ಅಪ್ಪ ಬೇಡ ಅಂದ್ರು ಅಂತ ಹೇಳ್ಬಿಟ್ಟೆ. ನಾಚಿಕೆ ಆಗ್ತಿತ್ತು. ಅವರು ಹೌದು ಹೌದು, ನಾನೇ ಬೇಡ ಅಂದೆ ಅಂದ್ರು. ಸಾಯೋವರ್ಗೂ ಹಾಗೇ ಅಂದ್ರು. ಹೇಳ್ತಾ ಹೇಳ್ತಾ ನಂಗೂ ಅದೇ ನಿಜ ಅನ್ನಿಸಿ ಅವರ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ, ನೋಡು."

ಹೊರಗೆ ತರಕಾರಿಯವಳು ಕೂಗಿಕೊಂಡು ಹೋದಳು.

"ಹಾಗಾದ್ರೆ ನನ್ನ ಜೊತೆ ಯಾಕಮ್ಮ ಮಾತು ಬಿಟ್ಟೆ?" ಎಂದಳು ಮಧುರಾ. "ನಾನೂ ವಾಪಸ್ ಬರ್ತೀನಿ ಅಂತ ಭಯಾನಾ?"

"ನೀನು ವಾಪಸ್ ಬಂದ್ರೆ ನಂಗೆ ಖುಷಿ ಆಗುತ್ತೆ," ಎಂದರು ಕೋಕಿಲಾ. "ಅದೇ ಭಯ. ಬರ್ಲಿ, ಬಂದ್ಬಿಡ್ಲಿ ಅಂತ ಈಗಿಂದ್ಲೇ ಒಳಗೊಳಗೇ ಕಾಯ್ತಾ ಇದೀನಿ. ಇದನ್ನ ಇಟ್ಕೊಂಡು ನಿನ್ನ ಮುಖ ಹೇಗೆ ನೋಡ್ಲಿ? ಕಾರಣ ಮೀನೂ ಅಲ್ಲ, ಮಡೀನೂ ಅಲ್ಲ. ನಾನು ಒಳ್ಳೆಯವಳಲ್ಲ ಅಷ್ಟೇ."

ಮಧುರಾ ಎದ್ದು ಹೋಗಿ ತಾಯಿಯ ಪಕ್ಕದಲ್ಲಿ ಕೂತಳು. ಅಪ್ಪಿಕೊಂಡು ಅಳುವ ಜಾತಿಯಲ್ಲ ಇಬ್ಬರೂ. ಸುಮ್ಮನೆ ಬೋಗುಣಿಗೆ ಕೈ ಹಾಕಿ ಅವರೆಕಾಳು ಹಿದುಕತೊಡಗಿದಳು. ಸಿಪ್ಪೆಯನ್ನು ಬೇಳೆಯ ಪಾತ್ರೆಗೂ ಬೇಳೆಯನ್ನು ಸಿಪ್ಪೆಯ ಪಾತ್ರೆಗೂ ಹಾಕುತ್ತಿದ್ದಳು. ಕೋಕಿಲಾ ಬೈಯದೆ ಅದನ್ನೆಲ್ಲ ಆರಿಸಿ ಸರಿಮಾಡುತ್ತಿದ್ದರು.

ಹಾಗೆ ಆರಿಸುತ್ತಲೇ ಕೋಕಿಲಾ ಹೇಳಿದರು, "ಹೋಗು. ಅಪ್ಪನ ಹತ್ರ ಸಹಿ ಹಾಕಿಸ್ಕೋ. ಆದ್ರೆ ಕೇಳಿಸ್ಕೋ. ಸೇರಲ್ಲ ಅಂತ ಬಂದ್ರೆ ಬಾಗಿಲು ತೆಗೀತೀನಿ, ಊಟ ಹಾಕ್ತೀನಿ. ಮಾರನೇ ದಿನ ನಾನೇ ಬಸ್ಸು ಹತ್ತಿಸ್ತೀನಿ. ನಂಗೆ ಯಾರೂ ಅದನ್ನ ಮಾಡ್ಲಿಲ್ಲ."

ಇಷ್ಟೆಲ್ಲ ಆಗುವಾಗ ನಾನೊಬ್ಬಳು ಅಲ್ಲಿದ್ದೇನೆ ಎಂಬುದನ್ನು ಇಬ್ಬರೂ ಮರೆತಿದ್ದರು. ಒಂದು ಲೋಟ ಕಾಫಿಗೂ ಗತಿಯಿಲ್ಲ. ನಾನು ಕೆಮ್ಮಿದೆ. "ಅಪ್ಲಿಕೇಶನ್ ಆಮೇಲೆ. ಮೊದಲು ಏಪ್ರಿಲ್. ಆ ಪ್ರಶ್ನೆ ಮತ್ತೆ ಬರುತ್ತೆ. ತ್ಯಾಗಮಯಿ, ಮಾತೃಹೃದಯ, ಅಗಲಿಕೆಯ ದುಃಖ. ಬಾಯಿಪಾಠ ಮಾಡಿ ಒಂದು ಪುಟ ಬರೀಬೇಕು."

"ಅದು ಸುಳ್ಳು ಮೇಡಂ," ಎಂದಳು ಆ ಮೊಂಡಿ.

"ಸುಳ್ಳೇ. ಆರು ಅಂಕದ ಸುಳ್ಳು. ಬರೆದು ಪಾಸಾಗು. ನಿಜ ಏನು ಅಂತ ಗೊತ್ತಾಯ್ತಲ್ಲ, ಅದನ್ನ ಯಾಕೆ ಕಂಡವರ ಕೈಗೆ ತಿದ್ದೋಕೆ ಕೊಡ್ತೀಯ?"

ಬರೆದಳು. ಅರವತ್ತೊಂದು ಬಂತು. ಮಂಗಳೂರಿನಲ್ಲಿ ಸೀಟೂ ಸಿಕ್ಕಿತು. ಆಗಸ್ಟಿನಲ್ಲಿ ರಾಘವ ಹೋಗಿ ಸೇರಿಸಿ ಬಂದರು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಎಲ್ಲಿ ಮುಗಿಯುತ್ತದೆ. ಸೆಪ್ಟೆಂಬರಿನ ಒಂದು ಸಂಜೆ ಕೋಕಿಲಾ ಫೋನ್ ಮಾಡಿದರು. "ಬಂದಿದಾಳೆ ಮೇಡಂ," ಎಂದರು. ಮೆಸ್ಸಿನಲ್ಲಿ ಪಕ್ಕದ ತಟ್ಟೆಯಲ್ಲಿ ಮೀನು ಹುರಿದದ್ದು, ಲ್ಯಾಬಿನಲ್ಲಿ ಕೈಗೆ ಅಂಟಿದ ವಾಸನೆ ಸೋಪಿಗೂ ಹೋಗುವುದಿಲ್ಲ, ಮಳೆ ನಿಲ್ಲುವುದಿಲ್ಲ, ತುಳು ಅರ್ಥವಾಗುವುದಿಲ್ಲ. ಅತ್ತು ಅತ್ತು ಮಲಗಿದ್ದಾಳಂತೆ. "ನಾಳೆ ಬೆಳಿಗ್ಗೆ ಬಸ್ಸಿಗೆ ಟಿಕೆಟ್ ತೆಗೆಸಿದೀನಿ. ನೀವು ಮೆಜೆಸ್ಟಿಕ್ಕಿಗೆ ಬರಲೇಬೇಕು."

"ನಾನ್ಯಾಕ್ರೀ? ರಾಘವ ಇಲ್ವಾ?" ಎಂದೆ.

"ಅವರು ಬೇಡ. ಅವರು ಅತ್ತುಬಿಡ್ತಾರೆ. ನೀವು ಬನ್ನಿ."

ಬೈದುಕೊಳ್ಳುತ್ತಲೇ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಮಧುರಾ ಊದಿದ ಕಣ್ಣು ಹೊತ್ತು ನಿಂತಿದ್ದಳು. ಒಂದು ತಿಂಗಳಿಗೇ ಇಳಿದುಹೋಗಿದ್ದಳು. ಕೈಯಲ್ಲಿ ಚಪಾತಿಯ ಡಬ್ಬಿ, ಉಪ್ಪಿನಕಾಯಿ ಬಾಟಲಿ. "ಮೇಡಂ, ನೀವಾದ್ರೂ ಹೇಳಿ," ಎಂದು ನನ್ನ ಕೈ ಹಿಡಿದಳು. "ಸೋಮವಾರದವರೆಗೆ ಇರ್ತೀನಿ. ಎರಡು ದಿನ. ಆಮೇಲೆ ಹೋಗ್ತೀನಿ." ಎರಡು ದಿನ ಇದ್ದರೆ ಏನು ಗಂಟು ಹೋಗುತ್ತದೆ ಎಂದು ಕೋಕಿಲಾ ಕಡೆ ನೋಡಿದೆ.

ಕೋಕಿಲಾ ನನ್ನನ್ನೂ ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. "ಹತ್ತು," ಎಂದರು.

"ಅಮ್ಮಾ, ನನ್ನ ಕೈಲಿ ಆಗಲ್ಲ."

"ಹತ್ತು ಮಧು."

ಹತ್ತಿದಳು. ಕಿಟಕಿಯ ಪಕ್ಕ ಕೂತು ನಮ್ಮ ಕಡೆ ನೋಡುತ್ತಲೇ ಇದ್ದಳು, ಒಮ್ಮೆ ಎದ್ದೂ ನಿಂತಳು. ಕಂಡಕ್ಟರು ಟೀ ಕುಡಿಯುತ್ತಾ ನಿಂತಿದ್ದ. ಹೊರಡೋ ಟೈಮಾಗಿ ಎಷ್ಟು ಹೊತ್ತಾಯಿತು, ಜನ ಏನು ನಿಮ್ಮ ಟೀಗೆ ಕಾಯಬೇಕೇನು ಎಂದು ನಾನು ಆತನ ಮೇಲೆ ಹರಿಹಾಯ್ದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಕೊನೆಗೂ ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಹೊರಟುಹೋಯಿತು.

ಕೋಕಿಲಾ ಅಲ್ಲೇ ಸಿಮೆಂಟು ಬೆಂಚಿನ ಮೇಲೆ ಕೂತುಬಿಟ್ಟರು. ನೋಡುತ್ತೇನೆ, ಇಷ್ಟು ಹೊತ್ತೂ ನನ್ನ ಸೀರೆಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡಿದ್ದಾರೆ. ಹೊಸ ಸೀರೆ, ಮುದುಡಿ ಮುದ್ದೆಯಾಗಿತ್ತು.

"ಬಾ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು ಮೇಡಂ," ಎಂದರು. "ಇಳಿದುಬಿಡ್ತಿದ್ಲು."

"ಅನ್ನಲಿಲ್ಲವಲ್ಲ ಬಿಡಿ," ಎಂದೆ.

"ಅದಕ್ಕೇ ನಿಮ್ಮನ್ನ ಕರೆಸಿದ್ದು. ನೀವಿಲ್ದಿದ್ರೆ ಅಂದುಬಿಡ್ತಿದ್ದೆ."